ಅಡಾಪ್ಟರ್ ಬಿಟ್ಟು ಕೇಬಲ್ ಕೊಂಡೆ

ಹೊಸ ಫೋನ್ ಟೈಪ್-ಸಿ. ಮನೆಯಲ್ಲಿದ್ದ ಮೈಕ್ರೋ ಯುಎಸ್‌ಬಿ ಕೇಬಲ್‌ಗಳನ್ನು ಸುಮ್ನೆ ಎಸೆಯೋಕೆ ಮನಸ್ಸಾಗದೆ, ತುದಿಗೆ ಸಿಕ್ಕಿಸುವ ಪುಟ್ಟ ಅಡಾಪ್ಟರ್ ತಂದೆ. ರಾತ್ರಿಯಿಡೀ ಹಾಕಿದರೆ ಸರಿ. ಬೆಳಿಗ್ಗೆ ಅವಸರದಲ್ಲಿ ಅರ್ಧ ಗಂಟೆ ಹಾಕಿದರೆ ಏರುತ್ತಲೇ ಇರಲಿಲ್ಲ. ಸ್ವಲ್ಪ ಅಲುಗಿದರೂ ಚಾರ್ಜಿಂಗ್ ನಿಲ್ಲುತ್ತಿತ್ತು.

ಚಾರ್ಜರ್ ಹಾಳಾಗಿದೆ ಅಂದುಕೊಂಡಿದ್ದೆ. ಅದಲ್ಲ. ಯುಎಸ್‌ಬಿ ಪಿಡಿ (ಪವರ್ ಡೆಲಿವರಿ) ಎಂಬ ಫಾಸ್ಟ್ ಚಾರ್ಜಿಂಗ್ ವಿಧಾನದಲ್ಲಿ ಫೋನೂ ಚಾರ್ಜರೂ ಮೊದಲು ಮಾತಾಡಿಕೊಂಡು ಎಷ್ಟು ವೋಲ್ಟ್ ಬೇಕೆಂದು ಗೊತ್ತು ಮಾಡಿಕೊಳ್ಳುತ್ತವೆ. ಆ ಮಾತಿಗೆ ಬೇಕಾದ ಸಿಸಿ ತಂತಿ ಮೈಕ್ರೋ ಕೇಬಲ್‌ನಲ್ಲಿ ಇಲ್ಲವೇ ಇಲ್ಲ! ಅಡಾಪ್ಟರ್ ಅದನ್ನು ಎಲ್ಲಿಂದ ತರಬೇಕು, ಅಲ್ವಾ? ಹಾಗಾಗಿ ಪಿಡಿ ಶುರುವಾಗುವುದೇ ಇಲ್ಲ.

ನನ್ನ ಚಾರ್ಜರ್‌ನಲ್ಲಿ ಸಿ ಪೋರ್ಟ್ ಖಾಲಿ ಇತ್ತು. 60 ವ್ಯಾಟ್ ಎಂದು ಬರೆದಿದ್ದ ಸಿ-ಟು-ಸಿ ಕೇಬಲ್ ಕೊಂಡು ಹಾಕಿದೆ. ಈಗ ಸ್ನಾನ, ತಿಂಡಿ ಮುಗಿಯುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಬಿರುತ್ತದೆ. ಹಳೆಯ ಕೇಬಲ್‌ಗಳು ಸ್ಪೀಕರ್‌ಗೆ, ಟ್ರಿಮ್ಮರ್‌ಗೆ ಆಗುತ್ತಿವೆ.