ಬೂಸಾನ್‌ನಲ್ಲಿ ದುಬಾರಿ ಖರೀದಿ: ತೆರಿಗೆ ಹಣ ಮರಳಿ ಪಡೆಯುವ ಕ್ರಮ

ದಕ್ಷಿಣ ಕೊರಿಯಾದ ಬೂಸಾನ್‌ನ ಗಿಮ್ಹೆ ವಿಮಾನ ನಿಲ್ದಾಣದಲ್ಲಿ ನನ್ನ ಮುಂದೆ ನಿಂತಿದ್ದ ದಂಪತಿ ಸೂಟ್‌ಕೇಸನ್ನು ಚೆಕ್-ಇನ್ ಕೌಂಟರಿನಲ್ಲಿ ಒಪ್ಪಿಸಿ, ನಿರಾಳವಾಗಿ ತೆರಿಗೆ ಮರುಪಾವತಿಯ ಯಂತ್ರದ ಕಡೆಗೆ ನಡೆದರು. ವಸ್ತುವನ್ನು ಕಸ್ಟಮ್ಸ್ ಅಧಿಕಾರಿಗೆ ತೋರಿಸಬೇಕೆಂದು ಯಂತ್ರದ ಪರದೆ ಸೂಚಿಸಿದಾಗ, ಅವರು ಕೊಂಡಿದ್ದ ಚರ್ಮದ ಕೈಚೀಲ ಬೆಲ್ಟಿನ ಮೇಲೆ ಒಳಗೆ ಸಾಗಿ ಹೋಗಿತ್ತು. ಇಂಥ ದೃಶ್ಯವನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿರುವುದರಿಂದ ಈ ಕ್ರಮವನ್ನು ಬರೆದಿಡುತ್ತಿದ್ದೇನೆ.

ಮೊದಲಿಗೆ ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಡ್ಯೂಟಿ ಫ್ರೀ ಮಳಿಗೆಯಲ್ಲಿ ಬೆಲೆಗೆ ತೆರಿಗೆ ಸೇರಿರುವುದೇ ಇಲ್ಲ. ಪಾಸ್‌ಪೋರ್ಟ್ ಮತ್ತು ವಾಪಸು ವಿಮಾನದ ವಿವರ ಕೊಟ್ಟು ಹಣ ತೆತ್ತರೆ, ವಿದೇಶಿ ಬ್ರ್ಯಾಂಡಿನ ವಸ್ತುಗಳು ಹೊರಡುವ ದಿನ ನಿಲ್ದಾಣದೊಳಗಿನ ಕೌಂಟರಿನಲ್ಲಿ ಕೈಗೆ ಬರುತ್ತವೆ. ಟ್ಯಾಕ್ಸ್ ಫ್ರೀ ಎಂಬ ಫಲಕವಿರುವ ಸಾಮಾನ್ಯ ಅಂಗಡಿಯಲ್ಲಾದರೆ ತೆರಿಗೆ ಸಹಿತ ಪೂರ್ತಿ ಬೆಲೆ ಕೊಟ್ಟು, ಅದರ ಒಂದು ಭಾಗವನ್ನು ಆಮೇಲೆ ಮರಳಿ ಪಡೆಯಬೇಕು. ಈ ಲೇಖನ ಎರಡನೆಯದಕ್ಕೆ ಸಂಬಂಧಿಸಿದ್ದು. ಕೊರಿಯಾದ ಮೌಲ್ಯವರ್ಧಿತ ತೆರಿಗೆ 10%. ಅದು ಬೆಲೆಯೊಳಗೇ ಅಡಗಿರುತ್ತದೆಯಾದ್ದರಿಂದ 11 ಲಕ್ಷ ವಾನ್ ಬೆಲೆಯ ಚೀಲದಲ್ಲಿ 1 ಲಕ್ಷ ವಾನ್ ತೆರಿಗೆಯಿರುತ್ತದೆ. ಮರುಪಾವತಿ ಕಂಪನಿ ತನ್ನ ಶುಲ್ಕ ಹಿಡಿದುಕೊಂಡು ಉಳಿದದ್ದನ್ನಷ್ಟೇ ಕೊಡುತ್ತದೆ. ಹತ್ತಕ್ಕೆ ಹತ್ತೂ ಕೈಸೇರುತ್ತದೆ ಎಂದು ಲೆಕ್ಕ ಹಾಕಿಕೊಂಡು ಹೊರಡಬೇಡಿ.

ಪಾಸ್‌ಪೋರ್ಟಿನ ಮೂಲ ಪ್ರತಿ ಜೊತೆಗಿರಲಿ. ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಬಂದ ವಿದೇಶಿ ಪ್ರವಾಸಿಗೆ ಮಾತ್ರ ಈ ಸೌಲಭ್ಯವಿರುವುದರಿಂದ, ಅಲ್ಲಿ ಕೆಲಸಕ್ಕಿರುವ ಅಣ್ಣನ ಹೆಸರಿನಲ್ಲಿ ಬಿಲ್ಲು ಮಾಡಿಸಿದರೆ ಪ್ರಯೋಜನವಿಲ್ಲ. ಕೊಂಡವರೇ ಕೊಂಡೊಯ್ಯಬೇಕು, ಅದೂ ಕೊಂಡ ಮೂರು ತಿಂಗಳೊಳಗೆ.

ಸುತ್ತಾಟವನ್ನು ಖರೀದಿಗೆ ಮೊದಲೇ ಮುಗಿಸಬೇಕೆಂಬುದು ನನ್ನ ಖಡಾಖಂಡಿತ ಸಲಹೆ. ಲಕ್ಷಗಟ್ಟಲೆ ವಾನ್ ಬೆಲೆಯ ಪೆಟ್ಟಿಗೆ ಹಿಡಿದು ಸಮುದ್ರದ ಗಾಳಿಯಲ್ಲಿ ತಿರುಗುವುದರಲ್ಲಿ ಸುಖವಿಲ್ಲ. ಮೆಟ್ರೊ 2ನೇ ಮಾರ್ಗದ ಡೊಂಗ್‌ಬೆಕ್ ನಿಲ್ದಾಣದಲ್ಲಿ ಇಳಿದು, ಹಿಂದೆ ದ್ವೀಪವಾಗಿದ್ದು ಈಗ ನೆಲಕ್ಕೆ ಸೇರಿಕೊಂಡಿರುವ ಡೊಂಗ್‌ಬೆಕ್‌ಸೊಮ್‌ನ ಪೈನ್ ಮರಗಳ ನಡುವೆ ನಡೆದರೆ, ಏಷ್ಯಾ-ಪೆಸಿಫಿಕ್ ದೇಶಗಳ ಆರ್ಥಿಕ ಸಹಕಾರ ಕೂಟವಾದ ಎಪೆಕ್‌ನ 2005ರ ಶೃಂಗಸಭೆ ನಡೆದ ನುರಿಮಾರು ಭವನ ಸಿಗುತ್ತದೆ. ಅಲ್ಲಿಂದ ಹೆಉಂಡೆ ಕಡಲತೀರ ಕಾಲ್ನಡಿಗೆಯ ದೂರ. ಅರ್ಧ ದಿನ ಹೆಚ್ಚಿಗೆ ಇದ್ದರೆ ಬಂಡೆಗಳ ಮೇಲೆ ಕಡಲಿಗೆ ಮುಖಮಾಡಿ ನಿಂತಿರುವ ಹೆಡೊಂಗ್ ಯೊಂಗ್‌ಗುಂಗ್ಸಾ ದೇವಾಲಯಕ್ಕೆ ಹೋಗಿಬನ್ನಿ. 1376ರಲ್ಲಿ ಅದನ್ನು ಸ್ಥಾಪಿಸಿದ ಭಿಕ್ಷು ನಾಓಂಗ್, ಭಾರತದಿಂದ ಬಂದಿದ್ದ ಧ್ಯಾನಭದ್ರರ ಶಿಷ್ಯ. ಪ್ರವಾಸದ ಬಸ್ಸಿನವರು ನಡುವೆ ನಿಲ್ಲಿಸುವ ಜಿನ್ಸೆಂಗ್ ಅಂಗಡಿಯಲ್ಲಿ ಮಾತ್ರ ಕೈಚೀಲ ಬಿಚ್ಚಬೇಡಿ. ಅದೇ ಡಬ್ಬಿ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಕಡಿಮೆ ಬೆಲೆಗೆ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ.

ಖರೀದಿಗೆ ಅದೇ ಮಾರ್ಗದ ಸೆಂಟಮ್ ಸಿಟಿ ನಿಲ್ದಾಣಕ್ಕೆ ಮರಳಿ. 2009ರಲ್ಲಿ ವಿಶ್ವದ ಅತಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಎಂದು ಗಿನ್ನೆಸ್ ದಾಖಲೆ ಸೇರಿದ ಶಿನ್ಸೆಗೆ ಮಳಿಗೆಗೆ ನಿಲ್ದಾಣದಿಂದಲೇ ಒಳದಾರಿಯಿದೆ. ಅರ್ಮೆಸ್, ಲೂಯಿ ವಿಟಾನ್, ಶನೆಲ್ ಮೂರೂ ಇಲ್ಲಿವೆ. ಕಾರ್ಡು ಉಜ್ಜುವಾಗ ರೂಪಾಯಿಯಲ್ಲೋ ವಾನ್‌ನಲ್ಲೋ ಎಂದು ಕೇಳಿದರೆ ವಾನ್ ಎಂದೇ ಹೇಳಿ. ರೂಪಾಯಿ ಎಂದರೆ ವಿನಿಮಯ ದರದಲ್ಲಿ ಸೋರುವ ಹಣ ಮರುಪಾವತಿಯ ಒಂದು ಪಾಲನ್ನೇ ನುಂಗಬಲ್ಲದು.

ಕನಿಷ್ಠ 15,000 ವಾನ್ ಖರೀದಿಗೆ ಮರುಪಾವತಿಯಿದೆ. 2024ರಿಂದ ಜಾರಿಯಲ್ಲಿರುವ ಮಿತಿಯಂತೆ ಒಂದು ಬಿಲ್ಲು 10 ಲಕ್ಷ ವಾನ್‌ಗಿಂತ ಕಡಿಮೆಯಿದ್ದು, ಇಡೀ ಪ್ರವಾಸದ ಒಟ್ಟು 50 ಲಕ್ಷ ವಾನ್ ಮೀರದಿದ್ದರೆ, ಆ ವ್ಯವಸ್ಥೆಯುಳ್ಳ ಅಂಗಡಿಯವರು ತೆರಿಗೆಯನ್ನು ಅಲ್ಲೇ ಕಳೆದು ಬಿಲ್ಲು ಕೊಡುತ್ತಾರೆ. ದುಬಾರಿ ಕೈಚೀಲ ಈ ಮಿತಿಯನ್ನು ಸುಲಭವಾಗಿ ದಾಟುವುದರಿಂದ, ಮರುಪಾವತಿ ಚೀಟಿಯನ್ನು ಕೇಳಿ ಪಡೆದು, ಅದರಲ್ಲಿನ ಪಾಸ್‌ಪೋರ್ಟ್ ಸಂಖ್ಯೆಯನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿ. ನಗರದೊಳಗಿನ ಕೌಂಟರಿನಲ್ಲಿ ನಗದನ್ನು ಮುಂಗಡವಾಗಿ ಪಡೆಯುವ ಒಳದಾರಿಯೂ ಇದೆ. ಆದರೆ ಅಲ್ಲಿ ಕ್ರೆಡಿಟ್ ಕಾರ್ಡನ್ನು ಜಾಮೀನಾಗಿ ಹಿಡಿಯುತ್ತಾರೆ, ವಿಮಾನ ನಿಲ್ದಾಣದ ವಿಧಿಗಳನ್ನು ಪೂರೈಸದಿದ್ದರೆ ಕೊಟ್ಟ ಹಣವನ್ನು ಕಾರ್ಡಿನಿಂದ ವಸೂಲು ಮಾಡುತ್ತಾರೆ. ನನಗೆ ಈ ಒಳದಾರಿ ಹಿಡಿಸುವುದಿಲ್ಲ.

ಇನ್ನು ಎಲ್ಲರೂ ಎಡವುವ ಘಟ್ಟ. ಹೊರಡುವ ದಿನ ಕನಿಷ್ಠ ಮೂರೂವರೆ ಗಂಟೆ ಮುಂಚೆ ನಿಲ್ದಾಣದಲ್ಲಿರಿ. ಕೊಂಡ ವಸ್ತುವನ್ನು ಬಳಸಿರಬಾರದು. ಹೋಟೆಲಿನಲ್ಲಿ ಒಮ್ಮೆ ಹೆಗಲಿಗೇರಿಸಿ ಚಿತ್ರ ತೆಗೆಸಿಕೊಳ್ಳುವ ಆಸೆಯನ್ನೂ ತಡೆದುಕೊಳ್ಳಿ. ಸೂಟ್‌ಕೇಸನ್ನು ಒಪ್ಪಿಸುವ ಮೊದಲೇ ಮರುಪಾವತಿ ಯಂತ್ರದ ಬಳಿ ಹೋಗಿ, ಪಾಸ್‌ಪೋರ್ಟನ್ನು ಓದಿಸಿ, ಚೀಟಿಗಳ ಬಾರ್‌ಕೋಡನ್ನು ಒಂದೊಂದಾಗಿ ಹಿಡಿಯಿರಿ. ಮರುಪಾವತಿಯ ಮೊತ್ತ 75,000 ವಾನ್ ಮೀರಿದರೆ (ಖರೀದಿಯ ಬೆಲೆಯಲ್ಲ, ಕೈಗೆ ಬರುವ ಮೊತ್ತ) ಯಂತ್ರವು ಕಸ್ಟಮ್ಸ್ ಮೇಜಿನತ್ತ ಕಳುಹಿಸುತ್ತದೆ. ಕಳೆದ ಸಲ ಅಲ್ಲಿನ ಅಧಿಕಾರಿ ನನ್ನ ಪೆಟ್ಟಿಗೆಯ ಮುಚ್ಚಳ ತೆಗೆದು, ಬಟ್ಟೆಯ ಹೊದಿಕೆ ಸರಿಸಿ, ಚೀಲದ ಹಿಡಿಗೆ ಕಟ್ಟಿದ್ದ ಬೆಲೆಚೀಟಿಯ ದಾರವನ್ನು ಬೆರಳಿನಿಂದ ಒಮ್ಮೆ ಎಳೆದು ನೋಡಿ, ಮಾತಿಲ್ಲದೆ ಮೊಹರು ಒತ್ತಿದರು. ಅರ್ಧ ನಿಮಿಷವೂ ಆಗಲಿಲ್ಲ. ಆ ಅರ್ಧ ನಿಮಿಷಕ್ಕಾಗಿ ವಸ್ತು ಕಣ್ಣೆದುರಿಗಿರಬೇಕು, ಅಷ್ಟೇ. ದೊಡ್ಡ ಸಾಮಾನು ಕೊಂಡವರು ಚೆಕ್-ಇನ್ ಸಿಬ್ಬಂದಿಗೆ ಮೊದಲೇ ವಿಷಯ ತಿಳಿಸಬೇಕು. ಕೈಚೀಲ, ಗಡಿಯಾರಗಳಂಥವನ್ನು ಸೂಟ್‌ಕೇಸಿಗೆ ಹಾಕದೆ ಕೈಯಲ್ಲೇ ಒಯ್ಯುವುದು ಎಲ್ಲಕ್ಕಿಂತ ಸಲೀಸು.

ವಲಸೆ ತಪಾಸಣೆ ದಾಟಿದ ಮೇಲೆ ಮರುಪಾವತಿ ಕೌಂಟರಿನಲ್ಲಿ ಹಣ ಪಡೆಯಿರಿ. ನಗದೇ ಮೇಲು, ಕಾರ್ಡಿಗೆ ಜಮೆಯಾಗಲು ವಾರಗಳು ಹಿಡಿಯುತ್ತವೆ. ಬೆಂಗಳೂರಿನಲ್ಲಿ ಇಳಿದಾಗ, ತಂದ ವಸ್ತುಗಳ ಬೆಲೆ ಭಾರತದ ಸುಂಕರಹಿತ ಮಿತಿಯನ್ನು ಮೀರಿದ್ದರೆ ಸುಂಕ ಕಟ್ಟಬೇಕಾದವರ ದಾರಿಯಾದ ರೆಡ್ ಚಾನೆಲ್ಲಿಗೆ ಹೋಗಿ ಘೋಷಿಸಬೇಕು. ಬೆಲೆ ಕೇಳಿದಾಗ ತೋರಿಸಲು ಅಂಗಡಿಯ ಮೂಲ ಬಿಲ್ಲನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೊಂಡಿರಿ.