ಆಯುಧ ಪೂಜೆಯ ಹಿಂದಿನ ದಿನ

ಮೊದಲು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಹುಬ್ಬಳ್ಳಿಯ ಒಂದು ಸಣ್ಣ ವರ್ಕ್‌ಶಾಪಿಗೆ ನಾನು ಟರ್ನರ್ ಆಗಿ, ಅಂದರೆ ಲೇತ್ ಮಷೀನಿನಲ್ಲಿ ಕಬ್ಬಿಣ ಕಡೆಯುವವನಾಗಿ ಸೇರಿ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಆಯುಧ ಪೂಜೆ ಬಂತು. ನಮ್ಮ ಕಡೆ ಖಂಡೇಪೂಜೆ ಅಂತಲೂ ಅನ್ನುತ್ತಾರೆ. ಲೇತಿನ ಚಕ್‌ಗೆ (ಕಡೆಯುವ ತುಂಡನ್ನು ಹಿಡಿಯುವ ಭಾಗ) ಚೆಂಡು ಹೂವಿನ ಮಾಲೆ, ಡ್ರಿಲ್ಲಿಂಗ್ ಮಷೀನಿಗೆ ವಿಭೂತಿ ಪಟ್ಟೆ, ಬಾಗಿಲಿಗೆ ಬಾಳೆಕಂಬ. ಆರತಿ ಆಯಿತು, ಕುಂಬಳಕಾಯಿ ಒಡೆದರು. ನಾನು ಹಿಂದೆ ಗ್ರೈಂಡಿಂಗ್ ಮಷೀನಿನ ಮರೆಯಲ್ಲಿ ನಿಂತು, ಯಾರೂ ನೋಡದಿದ್ದರೆ ಸಾಕಪ್ಪಾ ಅಂದುಕೊಳ್ಳುತ್ತಿದ್ದೆ. ಕೊನೆಗೆ ಸಾಹುಕಾರರೇ ಬಂದು ಪೇಪರಿನಲ್ಲಿ ಕಟ್ಟಿದ ಪ್ರಸಾದ ಕೈಗೆ ಕೊಟ್ಟರು. ಒಂದಿಷ್ಟು ಚುರುಮುರಿ, ಕೊಬ್ಬರಿ ಚೂರು, ಒಂದು ಪೇಡೆ. ಬೇಡ ಅನ್ನಲು ಬಾಯಿ ಬರಲಿಲ್ಲ. ನಾನು ಕ್ರೈಸ್ತ, ಬೇರೆ ದೇವರಿಗೆ ಇಟ್ಟದ್ದನ್ನು ತಿನ್ನಲು ಮನಸ್ಸು ಒಪ್ಪಲಿಲ್ಲ. ಎಲ್ಲರೂ ಹೋದ ಮೇಲೆ ಕಬ್ಬಿಣದ ಸುರುಳಿ ತುಂಬಿದ ಗುಜರಿ ಡ್ರಮ್ಮಿನೊಳಗೆ ಆ ಪೊಟ್ಟಣವನ್ನು ತುರುಕಿ ಮನೆಗೆ ಬಂದೆ.

ರಜೆ ಮುಗಿಸಿ ಬಂದಾಗ ಹೆಲ್ಪರ್ ಹುಡುಗ ಡ್ರಮ್ಮಿನ ಪಕ್ಕ ಕೂತಿದ್ದ. ಡ್ರಮ್ಮಿನ ಅಂಚಿನ ಮೇಲೆ ಇರುವೆ ಸಾಲು. ಅದರ ಹಿಂದೆಯೇ ಹೋಗಿ ಪೇಡೆ ಹುಡುಕಿದ್ದ. “ಯಾಕ್ರೀ ಮಿಸ್ತ್ರಿ, ದೇವರ ಪ್ರಸಾದ ಗುಜರಿಗೆ ಒಗೀತಾರೇನ್ರೀ?” ಅಂದ. ಸಾಹುಕಾರರು ಕೂಗಾಡಲಿಲ್ಲ. “ಬ್ಯಾಡಂದ್ರ ಬ್ಯಾಡ ಅನ್ನಬೇಕಿತ್ತು. ನಾ ಏನ್ ಅಂತಿದ್ದೆ?” ಅಂದು ಒಳಗೆ ಹೋದರು. ಎರಡು ತಿಂಗಳು ಯಾರೂ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಆಗ ನಾನು ಇದನ್ನು ನಂಬಿಕೆಗಾಗಿ ಅನುಭವಿಸುವ ಕಷ್ಟ ಅಂತ ಅಂದುಕೊಂಡೆ. ಸುಳ್ಳು. ಅದು ನನ್ನ ಹೇಡಿತನಕ್ಕೆ ಸಿಕ್ಕ ಕೂಲಿ.

ಮುಂದಿನ ವರ್ಷದ ಹೊತ್ತಿಗೆ ನಾನು ಬೈಬಲಿನ ದಾನಿಯೇಲನ ಪುಸ್ತಕದ ಮೊದಲ ಅಧ್ಯಾಯವನ್ನು ಎಷ್ಟು ಸಲ ಓದಿದ್ದೆನೋ. ಅವನನ್ನು ಸಿಂಹದ ಗವಿಗೆ ಹಾಕಿದ ಕಥೆ ಎಲ್ಲರಿಗೂ ಗೊತ್ತು, ಅದು ಆಮೇಲಿನ ಮಾತು. ಮೊದಲ ಅಧ್ಯಾಯದಲ್ಲಿ ಸೆರೆಯಾಗಿ ಹೋದ ಅವನು ಬಾಬೆಲಿನವರ ಭಾಷೆ ಕಲಿಯುತ್ತಾನೆ. ಅವರಿಟ್ಟ ಹೆಸರಿಗೂ ತಕರಾರು ಮಾಡಿದಂತೆ ಕಾಣುವುದಿಲ್ಲ. ರಾಜನ ಊಟ ಮಾತ್ರ ಬೇಡ. ಅದನ್ನೂ ತಟ್ಟೆ ಮುಂದಿಟ್ಟಾಗ ಒದೆಯುವುದಿಲ್ಲ. ಮೊದಲೇ ಮೇಲ್ವಿಚಾರಕನ ಹತ್ತಿರ ಹೋಗಿ ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ ಅನ್ನುತ್ತಾನೆ. ಮೊದಲೇ ಹೇಳುವುದು. ನಾನು ಮಾಡದೆ ಬಿಟ್ಟದ್ದು ಅದನ್ನೇ.

ಆ ವರ್ಷ ದಸರಾಕ್ಕೆ ಎಂಟು ದಿನ ಮುಂಚೆ ಸಾಹುಕಾರರ ಹತ್ತಿರ ಹೋದೆ. ಆರತಿಗೆ ನಿಲ್ಲಲು ಆಗುವುದಿಲ್ಲ, ಕುಂಕುಮ ಹಚ್ಚಿಕೊಳ್ಳುವುದಿಲ್ಲ, ಪ್ರಸಾದ ತಗೊಳ್ಳುವುದಿಲ್ಲ. ಇದು ನಿಮ್ಮ ಮೇಲಿನ ಸಿಟ್ಟಲ್ಲ, ನನ್ನ ದೇವರಿಗೆ ಕೊಟ್ಟ ಮಾತು ಅಂದೆ. ಆಮೇಲೆ, ಪೂಜೆಯ ಹಿಂದಿನ ದಿನ ಎಲ್ಲ ಮಷೀನ್ ನಾನೇ ತೊಳೆಯುತ್ತೇನೆ, ಎಷ್ಟು ಹೊತ್ತಾದರೂ ಸರಿ, ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಕೂಲಂಟ್ ಟ್ಯಾಂಕೂ?” ಅಂದರು.

ಲೇತ್ ಗೊತ್ತಿದ್ದವರಿಗೆ ಆ ಪ್ರಶ್ನೆಯ ಭಾರ ಗೊತ್ತು. ಕೂಲಂಟ್ ಅಂದರೆ ಕಡೆಯುವಾಗ ಲೋಹ ತಣ್ಣಗಿರಲು ಸುರಿಯುವ ದ್ರವ. ವರ್ಷಗಟ್ಟಲೆ ನಿಂತರೆ ಅದು ಕೊಳೆತ ಮೊಟ್ಟೆ ತರಹ ನಾರುತ್ತದೆ. ತಳದಲ್ಲಿ ಬೂದು ಬಣ್ಣದ ರಾಡಿ, ಅದರಲ್ಲಿ ಬ್ಲೇಡಿನಂಥ ಚೂರುಗಳು. ಮೊದಲು ಅದನ್ನು ಖಾಲಿ ಮಾಡಬೇಕು. ಆಮೇಲೆ ಬೆಡ್ಡಿನ ಮೇಲಿನ ಸುರುಳಿಗಳನ್ನು ಕೊಕ್ಕೆಯಿಂದ ಎಳೆಯಬೇಕು, ಬರಿಗೈ ಹಾಕಿದರೆ ಬೆರಳು ಸೀಳುತ್ತದೆ. ಚಕ್ ಬಿಚ್ಚಿ ದವಡೆಗಳನ್ನು ನಂಬರ್ ನೋಡಿ ಸಾಲಾಗಿ ಇಟ್ಟು, ಸೀಮೆಎಣ್ಣೆಯಲ್ಲಿ ಅದ್ದಿ ಬ್ರಷ್ ಹಾಕಬೇಕು. ಕೊನೆಗೆ ಕಾಟನ್ ವೇಸ್ಟಿನಿಂದ ಒರೆಸಿ ತೆಳ್ಳಗೆ ಎಣ್ಣೆ. ಆ ರಾತ್ರಿ ಹನ್ನೊಂದೂವರೆಗೆ ಮುಗಿಯಿತು. ಗುಜರಿ ಡ್ರಮ್ಮನ್ನೂ ಹೊರಗೆ ಒಯ್ದು ತೊಳೆದೆ. ಅದನ್ನು ಯಾರೂ ಹೇಳಿರಲಿಲ್ಲ.

ಮರುದಿನ ಪೂಜೆ ಹೊತ್ತಿಗೆ ಹೊರಗೆ ಚಹಾ ಅಂಗಡಿಯಲ್ಲಿ ಕೂತಿದ್ದೆ. ಮರೆಯಲ್ಲಿ ಅಲ್ಲ, ಎಲ್ಲರಿಗೂ ಕಾಣುವ ಹಾಗೆ.

ಅಂದಿನಿಂದ ಇದೇ ರೂಢಿ ಆಯಿತು. ಎಲ್ಲಿ ‘ಆಗಲ್ಲ’ ಅನ್ನಬೇಕೋ ಅಲ್ಲಿ ಮೊದಲೇ, ಸಂಬಂಧಪಟ್ಟವರ ಮುಂದೆಯೇ ಅನ್ನುತ್ತೇನೆ. ಅದರ ಪಕ್ಕದಲ್ಲೇ ಒಂದು ಕೆಲಸ ನನ್ನ ತಲೆ ಮೇಲೆ ಹಾಕಿಕೊಳ್ಳುತ್ತೇನೆ. ‘ಆಗಲ್ಲ’ಗಳ ಪಟ್ಟಿ ಸಣ್ಣದಾಗಿರಲಿ ಅಂತ ನೋಡಿಕೊಳ್ಳುತ್ತೇನೆ. ಇದರಲ್ಲಿ ನಮ್ಮ ಸಭೆಯವರ, ಅಂದರೆ ಚರ್ಚಿನವರ, ಜೊತೆಯೇ ಜಗಳ ಆಗಿದೆ. ದಸರಾ ದಿನ ಬನ್ನಿ ಎಲೆ ಕೊಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೋಣ್ರೀ” ಅಂದರೆ ನಾನು ತಗೊಳ್ಳುತ್ತೇನೆ, ತಿರುಗಿ ಅದೇ ಮಾತು ಹೇಳುತ್ತೇನೆ. ಅದು ನೆರೆಹೊರೆಯ ಮಾತು. ಬನ್ನಿ ಮರದ ಪೂಜೆಗೆ ಹೋಗುವುದಿಲ್ಲ. ಸಂಕ್ರಾಂತಿಯ ಕುಸುರೆಳ್ಳೂ ಹಾಗೆಯೇ. ಒಬ್ಬ ಹಿರಿಯರಿಗೆ ಇದು ಸರಿ ಕಾಣುವುದಿಲ್ಲ, ಎಲೆ ಮುಟ್ಟಿದರೂ ಒಂದೇ, ಸುತ್ತು ಹಾಕಿದರೂ ಒಂದೇ ಅನ್ನುತ್ತಾರೆ. ಇನ್ನೊಬ್ಬರು ರೈಲ್ವೆಯಲ್ಲಿದ್ದವರು, ಆರತಿಗೂ ಸುಮ್ನೆ ನಿಲ್ಲುತ್ತಿದ್ದರು. ಅವರು ಬೈಬಲಿನ ಸೇನಾಪತಿ ನಾಮಾನನ ಕಥೆ ತೆಗೆಯುತ್ತಾರೆ: ನನ್ನ ಒಡೆಯ ತನ್ನ ದೇವರು ರಿಮ್ಮೋನನ ಗುಡಿಯಲ್ಲಿ ನನ್ನ ಕೈಮೇಲೆ ಭಾರ ಹಾಕಿ ಬಗ್ಗಿದಾಗ ನಾನೂ ಬಗ್ಗಬೇಕಾಗುತ್ತದೆ, ದೇವರು ಕ್ಷಮಿಸಲಿ ಅಂದವನಿಗೆ ಪ್ರವಾದಿ ಎಲೀಷ ಸಮಾಧಾನದಿಂದ ಹೋಗು ಅಂದನಲ್ಲ! ಅವರನ್ನು ತಪ್ಪು ಅನ್ನಲು ನನಗೆ ಧೈರ್ಯ ಇಲ್ಲ. ನನಗೆ ಆಗುವುದಿಲ್ಲ, ಅಷ್ಟೇ.

ಊಟದ ವಿಷಯದಲ್ಲಿ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದ ಪತ್ರ ತುಂಬಾ ಉಪಯೋಗಕ್ಕೆ ಬಂತು. ಯಾರಾದರೂ ಊಟಕ್ಕೆ ಕರೆದರೆ ಇಟ್ಟದ್ದನ್ನು ವಿಚಾರಣೆ ಮಾಡದೆ ತಿನ್ನಿ, ಇದು ನೈವೇದ್ಯ ಮಾಡಿದ್ದು ಅಂತ ಅವರೇ ಹೇಳಿದರೆ ಬಿಡಿ ಅನ್ನುತ್ತಾನೆ. ಹಾಗಾಗಿ ದೀಪಾವಳಿಗೆ ಪಕ್ಕದ ಮನೆಯ ಕರ್ಚಿಕಾಯಿ ನಾನು ಧಾರಾಳವಾಗಿ ತಿನ್ನುತ್ತೇನೆ. ಪಕ್ಕದ ಮನೆ ಅಕ್ಕನಿಗೂ ಈಗ ಗೊತ್ತು. ದೇವರ ಮುಂದಿಡುವ ಮೊದಲೇ ನಮ್ಮ ಡಬ್ಬಿ ತುಂಬಿ ಕಳಿಸುತ್ತಾರೆ. ಹಾಗೆ ಮಾಡಿ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಇಷ್ಟು ಓದಿ ಎಲ್ಲ ಸುಲಭ ಅಂದುಕೊಳ್ಳಬೇಡಿ. “ಯಾವಾಗ ಕನ್ವರ್ಟ್ ಆದ್ರಿ? ಎಷ್ಟು ಕೊಟ್ರು?” ಅನ್ನುವುದನ್ನು ತಿಂಗಳಿಗೊಮ್ಮೆಯಾದರೂ ಕೇಳುತ್ತೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ನಮ್ಮ ಮನೆತನ ಮುತ್ತಜ್ಜನ ಕಾಲದಿಂದ ಅದೇ ಸಭೆ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). “ಎಷ್ಟು ಕೊಟ್ರು ಅಂತ ನಮ್ಮ ಮುತ್ತಜ್ಜನ್ನ ಕೇಳ್ಬೇಕ್ರೀ, ನನಗಂತೂ ಏನೂ ಉಳಿಸಿಲ್ಲ” ಅಂದು ನಗುತ್ತೇನೆ. ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿದ ಮೇಲೆ ‘ಮನೆ ಈಗಾಗಲೇ ಹೋಯಿತು’ ಅಂದವರು ಮೂರು ಜನ. ವಾಟ್ಸಾಪ್ ಗ್ರೂಪಿನ ಬಗ್ಗೆ ಹೇಳುವುದಕ್ಕೇನಿಲ್ಲ, ನಾನು ಉತ್ತರ ಕೊಡುವುದನ್ನು ಬಿಟ್ಟೆ, ಬಿಪಿ ಇಳಿಯಿತು.

2021 ಬೇರೆ ಥರ ಇತ್ತು. ಆ ಅಕ್ಟೋಬರಿನ ಒಂದು ಭಾನುವಾರ ನಮ್ಮೂರಿನ ಭೈರಿದೇವರಕೊಪ್ಪದಲ್ಲಿ ಪ್ರಾರ್ಥನೆ ನಡೆಯುವ ಜಾಗಕ್ಕೆ ಜನ ನುಗ್ಗಿ, ಒಳಗೇ ಕೂತು ಭಜನೆ ಹಾಡಿದರು. ಆ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮತಾಂತರ ನಿಷೇಧದ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೂ ಬಂತು. ಮತ ಬದಲಿಸುವವರು ಮೂವತ್ತು ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂತ ನಿಯಮ. ನಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ಎಂಟು ಕುಟುಂಬ ಸೇರಿ ಪ್ರಾರ್ಥನೆ ಮಾಡುತ್ತೇವೆ. ನಿಲ್ಲಿಸೋಣ ಅಂದರು ಕೆಲವರು. ಕಿಟಕಿ ಮುಚ್ಚಿಕೊಂಡು ಮಾಡೋಣ ಅಂದರು ಕೆಲವರು.

ನನಗೆ ಗ್ರೈಂಡಿಂಗ್ ಮಷೀನಿನ ಮರೆ ನೆನಪಾಯಿತು. ಮುಚ್ಚಿದ ಕಿಟಕಿ ಅನುಮಾನ ಹುಟ್ಟಿಸುತ್ತದೆ ಅಲ್ವಾ? ನಾನೂ ಹೆಂಡತಿಯೂ ಅಕ್ಕಪಕ್ಕದ ಆರು ಮನೆಗೆ ಹೋಗಿ, ಶುಕ್ರವಾರ ಏಳರಿಂದ ಎಂಟರವರೆಗೆ ಪ್ರಾರ್ಥನೆ ಇರುತ್ತದೆ, ಬರುವವರು ಎಲ್ಲರೂ ಸಭೆಯವರೇ, ಸದ್ದು ಜಾಸ್ತಿ ಆದರೆ ಹೇಳಿ ಅಂದೆವು. ತಮಟೆ ಬಿಟ್ಟೆವು, ಬಾಯಲ್ಲೇ ಹಾಡಿದೆವು. ಬಾಗಿಲು ತೆರೆದಿಟ್ಟೆವು. ಪರಿಚಯದ ಒಬ್ಬ ವಕೀಲರ ನಂಬರನ್ನು ಕ್ಯಾಲೆಂಡರ್ ಮೇಲೆ ಬರೆದಿಟ್ಟೆವು. ಒಂದು ಮನೆಯವರು ಅವತ್ತಿನಿಂದ ಮಾತು ಬಿಟ್ಟರು. ಇನ್ನೊಂದು ಮನೆಯ ಅಜ್ಜಿ ಮಂಡಿನೋವಿಗೆ ಪ್ರಾರ್ಥನೆ ಮಾಡ್ರಿ ಅಂದಳು. ಮಾಡಿದೆವು, ಆದರೆ ಅವಳನ್ನು ಕರೆದು ಕೂರಿಸಲಿಲ್ಲ. ಆ ಸಮಯದಲ್ಲಿ ಅದು ಅವಳಿಗೇ ತೊಂದರೆ ಆಗುತ್ತಿತ್ತು.

ಧೈರ್ಯದ ಮಾತು ಜಾಸ್ತಿ ಆಡುವುದಿಲ್ಲ. ಕ್ರಿಸ್ಮಸ್ ನಕ್ಷತ್ರವನ್ನು ಆ ವರ್ಷ ಬಾಗಿಲ ಮುಂದೆ ಕಟ್ಟಲಿಲ್ಲ. ಒಳಗೆ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮೇಲೆ ಕಟ್ಟಿದೆವು. ಮರುವರ್ಷವೂ. ಮಗಳು ಕೇಳಿದಾಗ “ವೈರ್ ಸಾಲುವುದಿಲ್ಲ” ಅಂದೆ.

ಅದೇ ದಿನಗಳಲ್ಲಿ ಹಳೆಯದೊಂದು ವಿಷಯ ಮನಸ್ಸಿನಲ್ಲಿ ಕುಟುಕಲು ಶುರುವಾಯಿತು. ಕೆಲವು ವರ್ಷಗಳ ಹಿಂದೆ ನನ್ನ ಕೈಕೆಳಗೆ ಒಬ್ಬ ಐಟಿಐ ಹುಡುಗ ಕೆಲಸ ಕಲಿಯುತ್ತಿದ್ದ. ಒಳ್ಳೆಯ ಕೈ. ಥ್ರೆಡ್ ಕಟಿಂಗ್ ಕಲಿಸುತ್ತ ಕಲಿಸುತ್ತ ಅವನಿಗೆ ಕರಪತ್ರ ಕೊಟ್ಟೆ, ಸಭೆಗೆ ಬಾ ಅಂದೆ. ಅವನು ಎರಡು ಭಾನುವಾರ ಬಂದ. ಆಮೇಲೆ ಅವನ ತಂದೆ ವರ್ಕ್‌ಶಾಪಿಗೆ ಬಂದು ನನ್ನ ಮೇಲೆ ಹರಿಹಾಯ್ದರು. ಹುಡುಗ ಕೆಲಸ ಬಿಟ್ಟ. ಆಗಲೂ ನಾನು ಇದು ಹಿಂಸೆ, ಇದು ನನ್ನ ನಂಬಿಕೆಗೆ ಸಾಕ್ಷಿ ಅಂತ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೆ. ಎಲ್ಲರೂ ಸ್ತೋತ್ರ ಅಂದಿದ್ದರು.

ಹುಡುಗ ನಿಜವಾಗಿ ಯಾಕೆ ಬಂದ? ಅವನ ಹಾಜರಿ ಬರೆಯುವವನು ನಾನು. ಕೆಲಸ ಕಲಿಸುವುದು, ಬಿಡುವುದು ನನ್ನ ಕೈಲಿತ್ತು. ಬೇಡ ಅನ್ನಲು ಅವನಿಗೂ ಬಾಯಿ ಬಂದಿರಲಿಕ್ಕಿಲ್ಲ, ಪ್ರಸಾದ ಹಿಡಿದು ನಿಂತ ನನ್ನ ಹಾಗೆಯೇ. ಯೇಸುವಿನ ಶಿಷ್ಯ ಪೇತ್ರನು ತನ್ನ ಪತ್ರದಲ್ಲಿ, ಕಷ್ಟ ಬಂದರೆ ಕ್ರೈಸ್ತನಾಗಿದ್ದಕ್ಕೆ ಬರಲಿ, ಕಳ್ಳನಾಗಿ ಅಥವಾ ಬೇರೆಯವರ ಉಸಾಬರಿಗೆ ಹೋಗುವವನಾಗಿ ಬೇಡ ಅನ್ನುತ್ತಾನೆ. ಕಳ್ಳನ ಸಾಲಿನಲ್ಲೇ ಉಸಾಬರಿಯವನನ್ನೂ ನಿಲ್ಲಿಸಿದ್ದಾನೆ ನೋಡಿ. ಸಂವಿಧಾನದ 25ನೇ ವಿಧಿ ನನಗೆ ನನ್ನ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರ ಮಾಡುವುದು ಆ ಹಕ್ಕಿನಲ್ಲಿ ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಆ ತೀರ್ಪಿನ ಬಗ್ಗೆ ವಾದ ಮಾಡುವವರಿದ್ದಾರೆ. ನನಗೆ ಅಷ್ಟು ದೊಡ್ಡ ವಾದ ಬೇಕಾಗಲಿಲ್ಲ. ನನ್ನ ಕೈಕೆಳಗಿನ ಹುಡುಗನಿಗೆ ನಾನಾಗಿ ಯೇಸುವಿನ ಮಾತು ಎತ್ತುವುದಿಲ್ಲ, ಅವನಾಗಿ ಕೇಳಿದರೆ ಮುಚ್ಚುವುದೂ ಇಲ್ಲ. ಹುಡುಗನ ಮನೆ ಹುಡುಕಿಕೊಂಡು ಹೋಗಿ ತಂದೆಯ ಹತ್ತಿರ ತಪ್ಪಾಯಿತು ಅಂದೆ. ಅವರು ಕೂಡ್ರಿ ಅನ್ನಲಿಲ್ಲ, ನಿಂತೇ ಕೇಳಿ ತಲೆಯಾಡಿಸಿದರು. ಹುಡುಗ ಈಗ ಬೆಳಗಾವಿಯ ಫೌಂಡ್ರಿಯಲ್ಲಿದ್ದಾನಂತೆ. ಸಭೆಯಲ್ಲೂ ಎದ್ದು ನಿಂತು ಆ ಹಳೆಯ ಸಾಕ್ಷಿಯನ್ನು ವಾಪಸ್ ತಗೊಂಡೆ. ಅವತ್ತು ಯಾರೂ ಸ್ತೋತ್ರ ಅನ್ನಲಿಲ್ಲ.

2023ರ ಡಿಸೆಂಬರಿನಲ್ಲಿ ಮಗಳೇ ಮೂರು ಮೀಟರ್ ವೈರ್ ತಂದು ಮುಂದಿಟ್ಟಳು. ಇನ್ನೇನು ಮಾಡಲಿ, ಸ್ಟೂಲ್ ಹತ್ತಿದೆ. ನಕ್ಷತ್ರ ಹೊರಗೆ ಬಂತು.

ಈ ಸಲದ ದಸರಾಕ್ಕೆ ಇನ್ನು ಒಂಬತ್ತು ದಿನ. ಸಾಹುಕಾರರ ಮಗ ಈಗ ವ್ಯವಹಾರ ನೋಡುತ್ತಾನೆ. ನನ್ನ ಮೂರು ‘ಆಗಲ್ಲ’ಗಳನ್ನು ಅವನಿಗೆ ಹೊಸದಾಗಿ ಹೇಳಬೇಕಾಯಿತು. ಮೊಬೈಲ್ ನೋಡುತ್ತಲೇ ಕೇಳಿದ. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ತಂದೆಯವರಂತೆ ಇರುತ್ತಾನೋ ಇಲ್ಲವೋ ನೋಡಬೇಕು. ಸೀಮೆಎಣ್ಣೆ ಎಲ್ಲೂ ಸಿಗುತ್ತಿಲ್ಲ, ಈ ಸಲ ಚಕ್ ತೊಳೆಯಲು ಡೀಸೆಲ್ಲೇ ಗತಿ. ನಾಳೆ ಐದು ಲೀಟರಿನ ಕ್ಯಾನ್ ಒಯ್ಯಬೇಕು.