ದೊಡ್ಡ ಚೈನೀಸ್ ಹೋಟೆಲಿನಲ್ಲಿ ಆರ್ಡರ್ ಕೊಡುವ ಕ್ರಮ

ಕೋರಿ ರೊಟ್ಟಿಗೆ ಸಾರು ಸುರಿದು ಮಾತಾಡುತ್ತ ಕೂತರೆ ರೊಟ್ಟಿ ಏನಾಗುತ್ತದೆ ಎಂದು ಮಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. (ಮೆತ್ತಗಾದದ್ದೇ ರುಚಿ ಅನ್ನುವವರೂ ಇದ್ದಾರೆ, ಆ ಜಗಳ ಬೇರೆ.) ಸಾಸ್ ಹಚ್ಚಿದ ಕ್ರಿಸ್ಪಿ ಚಿಕನ್, ಗೋಬಿ, ಬೇಬಿ ಕಾರ್ನ್‌ಗಳ ಗತಿಯೂ ಅದೇ. ಕಾರ್ನ್‌ಫ್ಲೋರ್ ಹೊದಿಕೆ ಸಾಸಿನ ನೀರು ಹೀರಿಕೊಂಡು ಸ್ವಲ್ಪ ಹೊತ್ತಿನಲ್ಲೇ ತೊಗಲಿನ ಹಾಗಾಗುತ್ತದೆ. ಆದ್ದರಿಂದ ಕೂತ ಕೂಡಲೇ ಸೂಪಿನಿಂದ ನೂಡಲ್ಸ್‌ವರೆಗೆ ಒಂದೇ ಉಸಿರಿನಲ್ಲಿ ಹೇಳಿಬಿಡಬೇಡಿ. ದೊಡ್ಡ ಉರಿಯ ವೋಕ್‌ನಲ್ಲಿ ಒಂದೊಂದು ಐಟಂ ಐದಾರು ನಿಮಿಷದ ಕೆಲಸ, ಎಲ್ಲವೂ ಒಟ್ಟಿಗೇ ಬಂದು ಮೇಜು ತುಂಬುತ್ತದೆ. ಮೊದಲು ಸೂಪ್ ಮತ್ತು ಸ್ಟಾರ್ಟರ್ ಮಾತ್ರ ಹೇಳಿ. ಸ್ಟಾರ್ಟರ್ ಅರ್ಧ ಮುಗಿದಾಗ ಊಟದ ಆರ್ಡರ್ ಕೊಡಿ.

ನಾಲ್ಕು ಜನರಿಗೆ ಎರಡು ಸೂಪ್ ಬೈ-ಟು, ಎರಡು ಸ್ಟಾರ್ಟರ್, ಎರಡು ಗ್ರೇವಿ, ಒಂದು ಅನ್ನ, ಒಂದು ನೂಡಲ್ಸ್ ಧಾರಾಳ. ಇಲ್ಲಿ ಪ್ಲೇಟುಗಳು ಹಂಚಿ ತಿನ್ನುವುದಕ್ಕೇ ಇರುವುದು. ತಲೆಗೊಂದು ಫ್ರೈಡ್ ರೈಸ್ ತರಿಸಿದರೆ ಅರ್ಧ ಉಳಿಯುತ್ತದೆ. ಮೆನುವಿನಲ್ಲಿ ಮಂಚೂರಿಯನ್, ಹಾಟ್ ಗಾರ್ಲಿಕ್, ಸೆಜ್ವಾನ್ ಎಂದು ಹೆಸರು ಮೂರಿದ್ದರೂ ಮೂರಕ್ಕೂ ಅದೇ ಕಾರ್ನ್‌ಫ್ಲೋರ್, ಬೆಳ್ಳುಳ್ಳಿ, ಸೋಯಾ. ಒಂದು ಸಾಕು. ಅದರಲ್ಲೂ ಮಂಚೂರಿಯನ್ ಚೀನಾದ್ದಲ್ಲ. ಮುಂಬೈಯ ನೆಲ್ಸನ್ ವಾಂಗ್ 1975ರ ಸುಮಾರಿಗೆ ಹುಟ್ಟಿಸಿದ್ದೆಂದು ಹೆಸರಾದದ್ದು. ಎರಡನೆಯದಕ್ಕೆ ಬೆಳ್ಳುಳ್ಳಿಯಲ್ಲಿ ಹುರಿದ ಪಾಕ್ ಚೋಯ್ ಎಂಬ ಚೀನೀ ಸೊಪ್ಪು ಅಥವಾ ಬ್ರೊಕೊಲಿ ತರಿಸಿ, ನಾಲಿಗೆಗೆ ಬಿಡುವು ಸಿಗುತ್ತದೆ. ಗ್ರೇವಿಗೆ ಬಿಳಿ ಅನ್ನ, ಡ್ರೈಗೆ ನೂಡಲ್ಸ್. ಫ್ರೈಡ್ ರೈಸಿನಲ್ಲಿ ಉಪ್ಪು, ಸೋಯಾ ಆಗಲೇ ಇರುತ್ತದೆ, ಮೇಲೆ ಗ್ರೇವಿ ಸುರಿದರೆ ಉಪ್ಪೇ ಉಪ್ಪು. ನೂಡಲ್ಸ್ ಬಂದ ಕೂಡಲೇ ಬಡಿಸಿಕೊಳ್ಳಿ, ತಣಿದರೆ ಮುದ್ದೆಯಾಗುತ್ತದೆ.

ಮೀನಿನ ವಿಷಯಕ್ಕೆ ಬಂದರೆ ನಮ್ಮವರು ಬೇಗ ಮೋಸಹೋಗುವವರಲ್ಲ, ಆದರೂ ಬಿಲ್ಲಿನಲ್ಲಿ ಬೆಚ್ಚುತ್ತಾರೆ. ಇಡೀ ಮೀನಿನ ಮುಂದೆ ದರದ ಬದಲು ‘ಎಪಿಎಸ್’ ಎಂದಿದ್ದರೆ ಗಾತ್ರಕ್ಕೆ ತಕ್ಕ ದರ ಎಂದರ್ಥ. ಮೀನು ಒಳಗೆ ಹೋಗುವ ಮೊದಲೇ ತೂಕ ಎಷ್ಟು, ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ. ಶುಂಠಿ, ಈರುಳ್ಳಿ ಹೂವು ಹಾಕಿ ಹಬೆಯಲ್ಲಿ ಬೇಯಿಸಿ, ಮೇಲೆ ಸೋಯಾ ಮತ್ತು ಕಾದ ಎಣ್ಣೆ ಸುರಿದ ಮಾಂಜಿ (ಪಾಂಫ್ರೆಟ್) ಇದ್ದರೆ ಬಿಡಬೇಡಿ. ಮಸಾಲೆಯ ಮರೆಯಿಲ್ಲದ ಅಡುಗೆ ಅದು, ಮೀನು ಹಳತಾಗಿದ್ದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಐಸಿನ ಮೀನೇ ಬರುವ ಸಾಧ್ಯತೆ ಹೆಚ್ಚು. ಆ ಎರಡು ತಿಂಗಳು ಚಿಕನ್, ತೋಫು ಲೇಸು. ತಿನ್ನುವಾಗ ಮೇಲಿನ ಮಾಂಸ ಮುಗಿಸಿ, ನಡುಮುಳ್ಳು ಎತ್ತಿಟ್ಟು, ಕೆಳಗಿನದಕ್ಕೆ ಕೈಹಾಕಿ. ದಕ್ಷಿಣ ಚೀನಾದ ಕಡಲತೀರದವರು ಮೀನನ್ನು ಮಗುಚುವುದಿಲ್ಲ, ದೋಣಿ ಮಗುಚಿದ ಹಾಗೆ ಎಂಬ ಅಂಜಿಕೆ. ಮಲ್ಪೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ಮೆನುಗಳ ‘ಸೆಜ್ವಾನ್’ ಕೆಂಪು ಮೆಣಸು-ಬೆಳ್ಳುಳ್ಳಿಯ ಸಾಸ್ ಅಷ್ಟೆ. ಆ ಹೆಸರಿನ ಮೂಲವಾದ ಚೀನಾದ ಸಿಚುವಾನ್ ಪ್ರಾಂತ್ಯದ ನಿಜವಾದ ಅಡುಗೆಯಲ್ಲಿ ನಾಲಿಗೆ ಜುಮ್ಮೆನ್ನುತ್ತದೆ. ಬಂಗುಡೆ ಸಾರಿಗೆ ಹಾಕುವ ತೆಪ್ಪಲ್ ಗೊತ್ತಲ್ಲ, ಸಿಚುವಾನ್ ಪೆಪ್ಪರ್ ಅದರದೇ ಜಾತಿಯ ದಾಯಾದಿ. ನೀರು ಕುಡಿದರೆ ಖಾರ ಇಳಿಯದು, ಬಿಳಿ ಅನ್ನ ತಿನ್ನಿ. ಮೇಲೆ ರಾಶಿ ಬಿದ್ದ ಒಣಮೆಣಸು ಪರಿಮಳಕ್ಕೆ ಇರುವುದು, ಬದಿಗೆ ಸರಿಸಿ.

ಹಬೆಯಲ್ಲಿ ಬೆಂದ ಪುಟ್ಟ ಕಡುಬಿನಂಥ ಡಿಮ್ ಸಮ್‌ನ ಬುಟ್ಟಿಯಲ್ಲಿ ಎಷ್ಟು ತುಂಡು ಎಂದು ಮೊದಲೇ ಕೇಳಿದರೆ ಕೊನೆಯ ತುಂಡಿಗೆ ಪಂಚಾಯ್ತಿ ತಪ್ಪುತ್ತದೆ. ಮುಚ್ಚಳ ತೆಗೆದು ಫೋಟೋ ಹೊಡೆಯುತ್ತ ಕೂತರೆ ಸಿಪ್ಪೆ ಗಟ್ಟಿಯಾಗಿ ತಳಕ್ಕೆ ಅಂಟಿ ಹರಿಯುತ್ತದೆ. ಒಳಗೆ ಸೂಪ್ ಇರುವ ಬಗೆಯನ್ನು ಇಡಿಯಾಗಿ ಬಾಯಿಗೆ ಹಾಕಿದಿರೋ, ಸುಟ್ಟಿತು. ಚಮಚದಲ್ಲಿಟ್ಟು, ಬದಿಯಲ್ಲಿ ಸಣ್ಣ ತೂತು ಕಚ್ಚಿ, ರಸ ಹೀರಿ, ಮತ್ತೆ ತಿನ್ನಿ.

ಚಾಪ್‌ಸ್ಟಿಕ್ ಕಡ್ಡಾಯವಲ್ಲ. ಹಿಡಿಯುವುದಾದರೆ ಕೆಳಗಿನ ಕಡ್ಡಿ ಹೆಬ್ಬೆರಳ ಬುಡದಲ್ಲಿ ಮತ್ತು ಉಂಗುರ ಬೆರಳ ಮೇಲೆ ಕೂತು ಅಲುಗದೆ ಇರಲಿ. ಮೇಲಿನದನ್ನು ಪೆನ್ನಿನ ಹಾಗೆ ಹಿಡಿದು ಆಡಿಸಿ, ಎರಡರ ತುದಿಯೂ ಸಮ ಇರಬೇಕು. ತೀರಾ ಕೆಳಗೆ ಹಿಡಿದರೆ ತುದಿ ಬಾಯಿ ಬಿಡುವುದಿಲ್ಲ. ಅನ್ನದಲ್ಲಿ ನೆಟ್ಟಗೆ ಚುಚ್ಚಿಡಬೇಡಿ, ಚೀನೀಯರಿಗೆ ಅದು ಸತ್ತವರ ಮುಂದೆ ಹಚ್ಚಿಟ್ಟ ಊದುಬತ್ತಿಯ ನೆನಪು.

ಸಸ್ಯಾಹಾರಿಗಳು ‘ವೆಜ್’ ಎಂಬ ಒಂದೇ ಪದವನ್ನು ನಂಬಬಾರದು. ಆಯ್ಸ್ಟರ್ ಸಾಸ್ ಮರುವಾಯಿಯ ಬಳಗದ ಚಿಪ್ಪುಜೀವಿಯಿಂದ ಆದದ್ದು, ಫಿಶ್ ಸಾಸಿನಲ್ಲಿ ಮೀನೇ ಇದೆ, ವೆಜ್ ಸೂಪಿಗೂ ಚಿಕನ್ ಸ್ಟಾಕ್ ಬೀಳುವುದುಂಟು. ಮೂರನ್ನೂ ಹೆಸರು ಹಿಡಿದು ಕೇಳಿ. ನೀರುಳ್ಳಿ-ಬೆಳ್ಳುಳ್ಳಿ ಬೇಡವಾದರೆ ಟೇಬಲ್ ಬುಕ್ ಮಾಡುವಾಗಲೇ ತಿಳಿಸಿ. ಸಾಸ್‌ಗಳು ಬೆಳಗ್ಗೆಯೇ ತಯಾರಾಗಿ ಕೂತಿರುತ್ತವೆ, ಆಮೇಲೆ ತೆಗೆಯಲು ಬರುವುದಿಲ್ಲ. ಗೋಧಿ ಆಗದವರಿಗೆ ಸೋಯಾ ಸಾಸ್ ಕೂಡ ಆಗದು, ಸಾಮಾನ್ಯವಾಗಿ ಅದರಲ್ಲಿ ಗೋಧಿ ಇರುತ್ತದೆ.

ಬಿಲ್ಲಿನಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ 5%, ದುಬಾರಿ ಲಾಡ್ಜಿನೊಳಗಿನ ರೆಸ್ಟೋರೆಂಟಾದರೆ 18% ಇರಬಹುದು. ಸರ್ವಿಸ್ ಚಾರ್ಜ್ ಕೊಡುವುದು ನಿಮ್ಮ ಇಷ್ಟ. 2022ರ ಜುಲೈಯಲ್ಲಿ ಬಂದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯಂತೆ ಅದನ್ನು ತಾನಾಗಿ ಸೇರಿಸುವ ಹಾಗಿಲ್ಲ, ತೆಗೆಯಿರಿ ಎಂದರೆ ತೆಗೆಯಬೇಕು. ಬಡಿಸಿದವರಿಗೆ ಕೊಡುವುದನ್ನು ಕೈಗೇ ಕೊಡಿ.

ಉಳಿದದ್ದನ್ನು ಪಾರ್ಸೆಲ್ ಮಾಡಿಸುವಾಗ ಗ್ರೇವಿ ಬೇರೆ, ಡ್ರೈ ಬೇರೆ. ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ನಮ್ಮ ಸೆಕೆಯಲ್ಲಿ ರಾತ್ರಿಯಿಡೀ ಹೊರಗಿಟ್ಟ ಫ್ರೈಡ್ ರೈಸನ್ನು ಬೆಳಗ್ಗೆ ಎಷ್ಟು ಬಿಸಿ ಮಾಡಿದರೂ ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾದ ವಿಷ ಹೋಗುವುದಿಲ್ಲ.